ಸಮುದ್ರ ಮಟ್ಟದಿಂದ

ರೋಡ್ ಅಂದರೆ ಊರು ಇಲ್ಲಿಲ್ಲ ಅಂತ.
ಕರೇಕಲ್ಲು ರೋಡ್ ಸ್ಟೇಷನ್ನಿನಲ್ಲಿ ಇಳಿದವರು
ಕರೇಕಲ್ಲಿಗೆ ಇನ್ನೂ ಮೂರು ಮೈಲಿ ನಡೆಯಬೇಕು,
ಇಲ್ಲವೇ ಗಫಾರನ ಟಂಟಂ ಹತ್ತಬೇಕು.
ಚಿಕ್ಕಜಾಜೂರು ದಾಟಿ, ದಾವಣಗೆರೆ ಇನ್ನೂ ಮುಟ್ಟದೆ,
ನಡುವೆ ಉಸಿರು ಬಿಡಲೆಂದೇ ನಿಂತಂಥ ನಿಲ್ದಾಣ.

ನಾನು ಗಾರೆ ಕೆಲಸದವನು.
ಸಿಮೆಂಟು ಕೂಡದೆಂದು ಕಾಗದದಲ್ಲೇ ಬರೆದಿತ್ತಂತೆ,
ಅದಕ್ಕೇ ನನ್ನನ್ನು ಹುಡುಕಿಕೊಂಡು ಬಂದರು.
ಸುಣ್ಣ ಹದಿನೈದು ದಿನ ನೆನೆಯಬೇಕು ಎಂದೆ.
ಕಂಟ್ರಾಕ್ಟರ್ ವಾಚು ನೋಡಿಕೊಂಡ.
ಬೆಲ್ಲ ಬೇಕು, ಅಳಲೆಕಾಯಿ ಬೇಕು ಎಂದೆ.
ಗೋಡೆಗೋ ಕೆಮ್ಮಿಗೋ ಅಂದ.

ಓಬಕ್ಕ ಕಲಸಿಟ್ಟಳು. ಸಂಜೆ ಹೊತ್ತಿಗೆ ಇರುವೆ ಬಂದವು,
ಗೂಡ್ಸ್ ಷೆಡ್ಡಿನಿಂದ ಟಿಕೆಟ್ ಕಿಟಕಿವರೆಗೆ
ಒಂದೇ ಸಾಲು, ನೂಕುನುಗ್ಗಲಿಲ್ಲ.
'ಈ ಸ್ಟೇಷನ್ನಾಗೆ ಕ್ಯೂ ನಿಂತಿದ್ದು ಇದೇ ಮೊದಲು'
ಅಂದಳು.

ಮೊದಲು ಕೆರೆಯಬೇಕು. ಹಚ್ಚುವುದು ಆಮೇಲೆ.
ಆಯಿಲ್ ಪೇಂಟಿನ ಹಸಿರು, ಅದರಡಿ ಹಳದಿ,
ಅದರಡಿ ಬೂದಿಯಂಥದ್ದೇನೋ, ಅದರಡಿ ಕಾವಿ;
ಒಬ್ಬೊಬ್ಬ ಸಾಹೇಬನಿಗೂ ಒಂದೊಂದು ಬಣ್ಣ.
ಪಾರ್ಸಲ್ ಕೋಣೆಯಲ್ಲಿ, ಕಾವಿಯ ಕೆಳಗೆ,
ಯಾರೋ ಗುಮಾಸ್ತ ಮೊಳೆಯಿಂದ ಗೀಚಿದ ಲೆಕ್ಕ:
ಅಂಡಿಗೆ ನಲವತ್ತೆರಡು. ಒದ್ದೆ ಮೂರು.
ನಲವತ್ತೆರಡು ಅಂಡಿಗೆ ಹತ್ತಿ ಯಾವ ಗಿರಣಿಗೆ ಹೋಯಿತೋ.
ಒದ್ದೆ ಮೂರು ಮಾತ್ರ ಇಲ್ಲೇ ಉಳಿದವು ಅನ್ನಿಸಿತು,
ಆ ಜಾಗ ಮುಟ್ಟಿದರೆ ಈಗಲೂ ತಂಪು.

ಎಂಜಿನಿಯರ್ ಮೇಡಂ, ವಾರಿಜಾ ಅಂತ ಹೆಸರು,
ಹೆಲ್ಮೆಟ್ ತೆಗೆದು ಓದಿದರು.
'ಇದೊಂದು ಗೇಣು ಬಿಟ್ಟುಬಿಡಿ.'
ಡ್ರಾಯಿಂಗಿನಲ್ಲಿ ಅಲ್ಲಿ ಸ್ವಿಚ್‌ಬೋರ್ಡ್ ಇತ್ತು.
ಸ್ವಿಚ್‌ಬೋರ್ಡ್ ಈಗ ಬಾಗಿಲ ಹಿಂದೆ,
ದೀಪ ಹಾಕಲು ಮೊದಲು ಬಾಗಿಲು ಮುಚ್ಚಬೇಕು.
ಬೈಯುವವರು ನನ್ನನ್ನು ಬೈಯಲಿ.

ಆ ಕಡೆ ಹೊಸದು ಏಳುತ್ತಿದೆ:
ಗಾಜು, ಉಕ್ಕು, ಲಿಫ್ಟಿನ ಬಾವಿ.
ನನಗೆ ಗಾಜಿನ ಮೇಲೆ ಸಿಟ್ಟಿಲ್ಲ. ಲಿಫ್ಟ್ ಬರಲಿ.
ಮಂಡಿ ಹೋದ ಗಂಗಮಾಳವ್ವ ಹಳಿ ದಾಟುವುದನ್ನು
ಮೂರು ತಿಂಗಳಿಂದ ನೋಡುತ್ತಿದ್ದೇನೆ,
ಮಂಡಕ್ಕಿ ಬುಟ್ಟಿ ಮೊದಲು, ಆಮೇಲೆ ತಾನು.

ಆದರೆ ಪ್ಲಾಟ್‌ಫಾರಂ ಎತ್ತರಿಸಿದರು.
ಹೊಸ ಗಾಡಿಯ ಬಾಗಿಲು ಮೇಲಿದೆಯಂತೆ,
ನೆಲವೇ ಅದರ ಬಳಿಗೆ ಹೋಗಬೇಕಂತೆ.
ಹಳೇ ಕಟ್ಟಡದ ಮೂರು ಮೆಟ್ಟಿಲು ಮಣ್ಣುಪಾಲು.
ಕಲ್ಲುಬೆಂಚು ಮೊಣಕಾಲಿನವರೆಗೆ ಹೂತುಹೋಗಿ
ಕೂತವರೆಲ್ಲ ಪಂಕ್ತಿಯೂಟಕ್ಕೆ ಕೂತಂತೆ ಕಾಣುತ್ತಾರೆ.
ಸ್ಟೇಷನ್ ಮಾಸ್ಟರರ ಬಾಗಿಲು ಗಿಡ್ಡವಾಯಿತು;
ಮೊದಲ ದಿನವೇ ಹಣೆಗೆ ಚೌಕಟ್ಟು ಬಡಿದು
'ಯಾವನಯ್ಯಾ ಇದನ್ನ ಇಳಿಸಿದ್ದು?' ಅಂದರು.
ಇಳಿಸಿಲ್ಲ, ಸ್ವಾಮಿ.

ಆವತ್ತೇ ದಾದಾಪೀರ್ ಬಂದದ್ದು, ಬೋರ್ಡು ಬರೆಯಲು.
ಹಳದಿಯ ಮೇಲೆ ಕಪ್ಪು, ಮೂರು ಭಾಷೆ.
ಕನ್ನಡದ 'ರೇ'ಗೆ ಅವನು ಕೊಟ್ಟ ದೀರ್ಘ
ಇನ್ನೊಂದು ಚೂರು ಎಳೆದಿದ್ದರೆ ದಾವಣಗೆರೆ ತಲುಪುತ್ತಿತ್ತು.
ಕೊನೆಗೆ, ಸಮುದ್ರ ಮಟ್ಟದಿಂದ ಎತ್ತರ ಬರೆಯುವಾಗ,
ಕುಂಚ ಎತ್ತಿ ನಿಂತ.
'ಪ್ಲಾಟ್‌ಫಾರಂ ಒಂದೂವರೆ ಅಡಿ ಏರೈತಲ್ಲ ಮಾವ,
ಅಂಕಿ ತಿದ್ದಲಾ?'

ಮೇಡಂ ಫೋನು ಹಚ್ಚಿದರು. ಹುಬ್ಬಳ್ಳಿ ಎತ್ತಲಿಲ್ಲ.
ಮೈಸೂರು ಹೋಲ್ಡಿನಲ್ಲಿಟ್ಟು ಸಂಗೀತ ಕೇಳಿಸಿತು.
ಟೀಗೆ ಬಂದಿದ್ದ ರಿಟೈರ್ಡ್ ಪಾಯಿಂಟ್ಸ್‌ಮನ್ ಹಾಲಪ್ಪ
ಸಾಸರಿನಿಂದ ತಲೆ ಎತ್ತದೆ ಹೇಳಿದ:
'ಹಳಿ ಅಲ್ಲೇ ಐತಲ್ಲೋ. ಏರಿದ್ದು ನಾವು.'

ಸಮುದ್ರ ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ.
ಹಳೇ ಅಂಕಿಯನ್ನೇ ಹೊಸ ಬಣ್ಣದಲ್ಲಿ ಬರೆದ.

ಚಾವಣಿ ಬಾಕಿ ಇದೆ. ಹನ್ನೊಂದು ಹೆಂಚು ಕಮ್ಮಿ.
ಆ ಮುದ್ರೆಯ ಹೆಂಚು ಸುಡುವವರು ಈಗಿಲ್ಲ.
ಹರಿಹರದ ಕಡೆ ಹಳೇ ಅಕ್ಕಿ ಗಿರಣಿಯೊಂದನ್ನು ಕೆಡವುತ್ತಿದ್ದಾರಂತೆ;
ಬೆಳಗಿನ ಪ್ಯಾಸೆಂಜರಿಗೆ ಹೊರಟಿದ್ದೇನೆ,
ಗೋಣಿಚೀಲ ಎರಡು, ಹಗ್ಗ, ನಮೂನೆಗೆ ಒಂದು ಒಡಕು.
ಟಿಕೆಟ್ ಕಿಟಕಿಯ ಕಲ್ಲಿನಲ್ಲಿ
ಮೊಣಕೈಗಳು ಸವೆಸಿದ ಗುಳಿಯೊಂದಿದೆ.
ಅದನ್ನು ನಾನು ತುಂಬಲಿಲ್ಲ.
ಚಿಲ್ಲರೆ ಅಲ್ಲಿಗೇ ಉರುಳಿ ಬಂದು ನಿಲ್ಲುತ್ತದೆ.